ತೆಂಗಿನ ಕಡ್ಡಿಯಲ್ಲಿ ಕಟ್ಟಿದ ಕಡಲು

ಹೋದ ಬೇಸಗೆ ರಜೆಯಲ್ಲಿ ಮೊಮ್ಮಗಳನ್ನು ಪಣಂಬೂರು ಕಡಲತೀರಕ್ಕೆ ಕರೆದುಕೊಂಡು ಹೋಗಿದ್ದೆ. ಸಂಜೆಯ ಹೊತ್ತು. ನವಮಂಗಳೂರು ಬಂದರಿಗೆ ಒಂದು ದೊಡ್ಡ ಹಡಗು ನಿಧಾನವಾಗಿ ಒಳಬರುತ್ತಿತ್ತು. ಅವಳ ಕೈಯಲ್ಲಿ ಅವಳಪ್ಪನ ಬೈನಾಕ್ಯುಲರ್. ಹಡಗಿನ ಹಿಂಭಾಗದಲ್ಲಿ ಬರೆದಿದ್ದ ಅಕ್ಷರಗಳನ್ನು ಒಂದೊಂದಾಗಿ ಓದಿದಳು: "ಎಂ, ಎ, ಜೆ, ಯು, ಆರ್, ಒ. ಅಜ್ಜಿ, ಮಜುರೋ ಅಂದ್ರೆ ಏನು?"

"ಹಡಗಿನ ಹೆಸರಿರಬೇಕು" ಎಂದೆ.

"ಹೆಸರು ಅದರ ಮೇಲಿನ ಸಾಲಲ್ಲಿದೆ. ಇದು ಬೇರೆ."

ಮಕ್ಕಳೇ, ನಾನು ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಮಾಡಿದವಳು. ಆದರೂ ಆ ಕ್ಷಣಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಅಟ್ಟದ ಮೇಲಿದ್ದ ಹಳೆಯ ಅಟ್ಲಾಸ್ ಇಳಿಸಿ, ಧೂಳು ಕೊಡವಿ, ಇಬ್ಬರೂ ಹುಡುಕತೊಡಗಿದೆವು. ಪೆಸಿಫಿಕ್ ಸಾಗರದ ನಟ್ಟನಡುವೆ, ಬರೀ ನೀಲಿ ಬಣ್ಣದ ಮೇಲೆ ಯಾರೋ ಸಾಸಿವೆ ಚೆಲ್ಲಿದಂತೆ ಒಂದಷ್ಟು ಚುಕ್ಕೆಗಳು. ಅವುಗಳಲ್ಲೊಂದರ ಪಕ್ಕದಲ್ಲಿ ಮಜುರೋ ಎಂದಿತ್ತು. ಮಾರ್ಷಲ್ ದ್ವೀಪಗಳು ಎಂಬ ಪುಟ್ಟ ದೇಶದ ರಾಜಧಾನಿ ಅದು.

ಹಡಗಿಗೂ ನಮ್ಮ ಕಾರು ಬೈಕುಗಳ ಹಾಗೆ ನೋಂದಣಿ ಇರುತ್ತದೆ. ಯಾವ ಊರಿನಲ್ಲಿ ನೋಂದಣಿಯಾಗಿದೆಯೋ ಆ ಊರಿನ ಹೆಸರನ್ನು ಹಿಂಭಾಗದಲ್ಲಿ ಬರೆಯಬೇಕು. ಹೀಗೆ ಹಡಗುಗಳನ್ನು ನೋಂದಾಯಿಸಿಕೊಳ್ಳುವುದರಲ್ಲಿ ಮಾರ್ಷಲ್ ದ್ವೀಪಗಳು ಜಗತ್ತಿನ ಮೊದಲ ಮೂರು ದೇಶಗಳಲ್ಲೊಂದು. ಆದರೆ ಮಜುರೋ ಎಂದು ಬರೆಸಿಕೊಂಡ ಹಡಗುಗಳಲ್ಲಿ ಹೆಚ್ಚಿನವು ಮಜುರೋವನ್ನು ಕಣ್ಣಿಂದ ಕಂಡೇ ಇಲ್ಲ. ನಮ್ಮ ಮಂಗಳೂರಿನಿಂದ ಅದು ಸುಮಾರು ಹತ್ತು ಸಾವಿರ ಕಿಲೋಮೀಟರ್ ದೂರ. ನಮಗೆ ಮಧ್ಯಾಹ್ನ 12 ಗಂಟೆಯಾದಾಗ ಅಲ್ಲಿ ಸಂಜೆ ಆರೂವರೆ.

ಅಷ್ಟು ದೂರದಲ್ಲಿ, ಅಷ್ಟು ನೀರಿನ ನಡುವೆ ಇರುವ ಜನ ಮೊದಲು ಅಲ್ಲಿಗೆ ಹೋದದ್ದು ಹೇಗೆ? ಒಂದು ಚುಕ್ಕೆಯಿಂದ ಇನ್ನೊಂದು ಚುಕ್ಕೆಗೆ ದಾರಿ ಕಂಡುಕೊಂಡದ್ದು ಹೇಗೆ? ಮೊಮ್ಮಗಳ ಒಂದು ಪ್ರಶ್ನೆಯ ಬಾಲ ಹಿಡಿದು ಆ ರಜೆ ಪೂರ್ತಿ ನಾನು ಓದಿದ್ದೇ ಓದಿದ್ದು. ಅದನ್ನೇ ಇಲ್ಲಿ ನಿಮಗೆ ಹೇಳುತ್ತೇನೆ.

ಚುಕ್ಕೆಗಳ ದೇಶ

ಮಾರ್ಷಲ್ ದ್ವೀಪಗಳ ಒಟ್ಟು ನೆಲ 181 ಚದರ ಕಿಲೋಮೀಟರ್. ಅಂದರೆ ಬೆಂಗಳೂರು ನಗರದ ಸುಮಾರು ಕಾಲು ಭಾಗ. ಆದರೆ ಆ ನೆಲ ಒಂದೇ ಕಡೆ ಇಲ್ಲ. ಸಾವಿರಕ್ಕೂ ಹೆಚ್ಚು ತುಣುಕುಗಳಾಗಿ ಚದುರಿದೆ. ಅವುಗಳಿಗೆ ಸೇರಿದ ಕಡಲು ಸುಮಾರು 20 ಲಕ್ಷ ಚದರ ಕಿಲೋಮೀಟರ್, ನಮ್ಮ ಇಡೀ ಕರ್ನಾಟಕದ ಹತ್ತು ಪಾಲು! ಅಷ್ಟು ದೊಡ್ಡ ಅಂಗಳದಲ್ಲಿ ವಾಸವಿರುವವರು, 2021ರ ಜನಗಣತಿಯ ಪ್ರಕಾರ, ಸುಮಾರು 42 ಸಾವಿರ ಜನ.

ಈ ತುಣುಕುಗಳು ಎರಡು ಸಾಲುಗಳಲ್ಲಿವೆ. ಪೂರ್ವದ ಸಾಲಿಗೆ ರಾಟಕ್, ಪಶ್ಚಿಮದ ಸಾಲಿಗೆ ರಾಲಿಕ್ ಎಂದು ಹೆಸರು. ಅವರ ಭಾಷೆಯಲ್ಲಿ ಒಂದು ಸೂರ್ಯ ಹುಟ್ಟುವ ಕಡೆಯದು, ಇನ್ನೊಂದು ಮುಳುಗುವ ಕಡೆಯದು.

ಇವೆಲ್ಲ ಹವಳದ ದ್ವೀಪಗಳು. ನಮ್ಮ ಲಕ್ಷದ್ವೀಪ ಇದೆಯಲ್ಲ, ಅದೇ ಜಾತಿ. ಬಹಳ ಹಿಂದೆ ಅಲ್ಲಿ ಸಮುದ್ರದಿಂದ ಜ್ವಾಲಾಮುಖಿಗಳು ತಲೆಯೆತ್ತಿದ್ದವು. ಅವುಗಳ ಸುತ್ತ ಹವಳ ಬೆಳೆಯಿತು. ಬೆಟ್ಟ ಮೆಲ್ಲಮೆಲ್ಲಗೆ ಕುಸಿಯುತ್ತಾ ಹೋದಂತೆ ಹವಳ ಮೇಲೆ ಮೇಲೆ ಬೆಳೆಯುತ್ತಾ ಹೋಯಿತು. ಕೊನೆಗೆ ಬೆಟ್ಟ ಮುಳುಗಿ, ಹವಳದ ಬಳೆ ಮಾತ್ರ ಉಳಿಯಿತು. ಬಳೆಯ ಒಳಗೆ ತಿಳಿಹಸಿರು ನೀರಿನ ಕೊಳ, ಬಳೆಯ ಮೇಲೆ ಅಲ್ಲಲ್ಲಿ ಮರಳು ಮತ್ತು ತೆಂಗಿನ ಮರ. ಹೀಗೆಂದು ಊಹಿಸಿದವನು ಚಾರ್ಲ್ಸ್ ಡಾರ್ವಿನ್. 1952ರಲ್ಲಿ ಇದೇ ದೇಶದ ಎನೆವೆಟಾಕ್ ಎಂಬಲ್ಲಿ ಕೊರೆದು ನೋಡಿದಾಗ, ಸುಮಾರು 1,400 ಮೀಟರ್ ಹವಳದ ಕೆಳಗೆ ಜ್ವಾಲಾಮುಖಿಯ ಕಪ್ಪು ಬಂಡೆ ಸಿಕ್ಕಿತು. ಡಾರ್ವಿನ್ ಊಹೆ ನಿಜವಾಗಿತ್ತು.

ಬಳೆಯ ಮೇಲಿನ ನೆಲ ಸಮುದ್ರಮಟ್ಟದಿಂದ ಸರಾಸರಿ ಎರಡು ಮೀಟರ್ ಎತ್ತರ ಅಷ್ಟೆ. ಬೆಟ್ಟವಿಲ್ಲ, ನದಿಯಿಲ್ಲ, ಕಬ್ಬಿಣದ ಅದಿರಿಲ್ಲ. ಉತ್ತರದ ದ್ವೀಪಗಳಲ್ಲಿ ಮಳೆಯೂ ಕಡಿಮೆ. ಒಂದು ಚಂಡಮಾರುತ ಬಂದರೆ ಇದ್ದಬದ್ದ ಹಲಸಿನ ಜಾತಿಯ ದೀವಿಹಲಸು, ತೆಂಗು ಎಲ್ಲ ನೆಲಕಚ್ಚುತ್ತಿತ್ತು. ಆಗ ಪಕ್ಕದ ದ್ವೀಪದ ನೆಂಟರ ಹತ್ತಿರ ಹೋಗಲೇಬೇಕು. ಅಲ್ಲಿನವರಿಗೆ ದೋಣಿ ನಡೆಸುವುದು ಸಾಹಸವಲ್ಲ, ಬದುಕುವ ದಾರಿ.

ಕುದುರೆಮುಖ ಇಲ್ಲದ ಊರು

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ಅವರು ಮದುವೆಗೆ ಮೊದಲೂ ಆಮೇಲೆ ಕೆಲವು ವರ್ಷವೂ ಮಂಜಿಯಲ್ಲಿ ದುಡಿದವರು. ಮಂಜಿ ಎಂದರೆ ನಮ್ಮ ಕರಾವಳಿಯ ಹಾಯಿ ಹಡಗು. ಮಂಗಳೂರಿನ ಹಂಚು ಹೇರಿಕೊಂಡು ಊರೂರಿಗೆ ಹೋಗುತ್ತಿತ್ತು. ಅಪ್ಪ ಬಿಟ್ಟುಹೋದ ಒಂದು ಸೀಸದ ಗುಂಡು ನಮ್ಮ ಮನೆಯಲ್ಲಿದೆ. ಒರಳ ಕಲ್ಲಿನ ಗುಂಡಿನಷ್ಟಲ್ಲ, ಆದರೂ ಭಾರ. ಐವತ್ತು ವರ್ಷದಿಂದ ಹಿಂಬಾಗಿಲು ಗಾಳಿಗೆ ಬಡಿಯದಂತೆ ಅದನ್ನೇ ಇಡುತ್ತಿದ್ದೇವೆ.

ಮೊಮ್ಮಗಳು ಅದನ್ನು ಮಗುಚಿ ಹಾಕಿ ಕೇಳಿದಳು: "ಇದರ ತಳದಲ್ಲಿ ಗುಳಿ ಯಾಕೆ?"

ಅದು ನನಗೆ ಗೊತ್ತಿತ್ತು. ಆ ಗುಳಿಗೆ ಮೇಣವೋ ಕೊಬ್ಬೋ ಮೆತ್ತಿ, ಗುಂಡಿಗೆ ಹಗ್ಗ ಕಟ್ಟಿ ಕಡಲಿಗೆ ಬಿಡುತ್ತಾರೆ. ಹಗ್ಗ ಎಷ್ಟು ಇಳಿಯಿತು ಎಂದು ನೋಡಿದರೆ ಆಳ ತಿಳಿಯುತ್ತದೆ. ಮೇಣಕ್ಕೆ ಅಂಟಿಕೊಂಡು ಬಂದದ್ದು ಮರಳೋ, ಕೆಸರೋ, ಚಿಪ್ಪಿನ ಚೂರೋ ಎಂದು ನೋಡಿದರೆ ತಾವು ಯಾವ ತೀರದ ಹತ್ತಿರ ಇದ್ದೇವೆ ಎಂದು ಅನುಭವಸ್ಥರಿಗೆ ಅಂದಾಜಾಗುತ್ತದೆ. ನಮ್ಮ ಕರಾವಳಿಯಲ್ಲಿ ಇದು ನಡೆಯುತ್ತದೆ, ಏಕೆಂದರೆ ನಮ್ಮ ಕಡಲ ತಳ ದಡದಿಂದ ಬಹುದೂರದವರೆಗೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಇನ್ನು ಕತ್ತೆತ್ತಿದರೆ ಪಶ್ಚಿಮಘಟ್ಟ. 1,894 ಮೀಟರ್ ಎತ್ತರದ ಕುದುರೆಮುಖ, ಆಕಾಶ ತಿಳಿಯಾಗಿದ್ದರೆ ಕಡಲಲ್ಲಿ ಹತ್ತಾರು ಕಿಲೋಮೀಟರ್ ದೂರಕ್ಕೆ ಕಾಣುತ್ತದೆ. ಹಾಯಿಗಾರರಿಗೆ ಅದು ದೀಪಸ್ತಂಭ ಇದ್ದ ಹಾಗೆ.

ಮಾರ್ಷಲ್ ದ್ವೀಪಗಳಲ್ಲಿ ಈ ಎರಡೂ ಇಲ್ಲ ನೋಡಿ. ಹವಳದ ದಿಬ್ಬ ನೀರಿನಾಳದಿಂದ ಕಂಬದಂತೆ ನೆಟ್ಟಗೆ ಎದ್ದಿದೆ. ದಡದಿಂದ ಸ್ವಲ್ಪ ದೂರ ಹೋದರೆ ಸಾಕು, ಕೆಳಗೆ ಸಾವಿರಾರು ಮೀಟರ್ ಆಳ. ಗುಂಡು ಬಿಟ್ಟರೆ ಹಗ್ಗ ಮುಗಿಯುತ್ತದೆ, ತಳ ಸಿಗುವುದಿಲ್ಲ. ಕಣ್ಣಿಗೆ ಬೆಟ್ಟವಿಲ್ಲ. ಭೂಮಿ ಉರುಟಾಗಿರುವುದರಿಂದ, ದೋಣಿಯಲ್ಲಿ ಕುಳಿತವನಿಗೆ 20 ಮೀಟರ್ ಎತ್ತರದ ತೆಂಗಿನ ಮರದ ತುದಿ ಕಾಣುವುದು ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರ್ ಹತ್ತಿರ ಬಂದ ಮೇಲೆ. ಸ್ವಲ್ಪ ದಿಕ್ಕು ತಪ್ಪಿ ಆಚೆ ಸರಿದರೆ, ದ್ವೀಪ ಪಕ್ಕದಲ್ಲೇ ಹಾದುಹೋದರೂ ಗೊತ್ತಾಗುವುದಿಲ್ಲ. ಮುಂದಿನ ನೆಲ ಎಷ್ಟು ದಿನದ ದಾರಿಯೋ!

ಮೇಲೆ ನಕ್ಷತ್ರಗಳಿವೆ, ನಿಜ. ಆದರೆ ಹಗಲಿನಲ್ಲಿ? ಮೋಡ ಕವಿದರೆ? ಆಗ ಅವರಿಗೆ ಉಳಿದದ್ದು ಒಂದೇ, ದೋಣಿಯ ಕೆಳಗಿನ ನೀರು.

ಅಲೆ ಹೇಳುವ ಗುಟ್ಟು

ಕಡಲತೀರದಲ್ಲಿ ನಿಂತರೆ ನಮಗೆ ಅಲೆ ಎಲ್ಲ ಒಂದೇ. ಆದರೆ ಅಲೆಯಲ್ಲಿ ಎರಡು ಬಗೆ. ಈಗ ಇಲ್ಲಿ ಬೀಸುತ್ತಿರುವ ಗಾಳಿ ಎಬ್ಬಿಸುವ ಸಣ್ಣಪುಟ್ಟ ಅಲೆ ಒಂದು. ದೂರದಲ್ಲೆಲ್ಲೋ ದಿನಗಟ್ಟಲೆ ಬೀಸಿದ ಗಾಳಿಯಿಂದ ಹುಟ್ಟಿ, ಆ ಗಾಳಿ ನಿಂತ ಮೇಲೂ ಸಾವಿರಾರು ಕಿಲೋಮೀಟರ್ ಸಾಗಿ ಬರುವ ಉದ್ದನೆಯ, ನಿಧಾನದ ಅಲೆ ಇನ್ನೊಂದು. ಇದನ್ನು ಉಬ್ಬಲೆ ಎನ್ನೋಣ. ಉಬ್ಬಲೆ ಸುಲಭವಾಗಿ ದಿಕ್ಕು ಬದಲಿಸುವುದಿಲ್ಲ.

ಮಾರ್ಷಲ್ ದ್ವೀಪಗಳ ಮೇಲೆ ಈಶಾನ್ಯದ ವಾಣಿಜ್ಯ ಮಾರುತ ವರ್ಷದ ಬಹುಪಾಲು ಬೀಸುತ್ತದೆ. ಅದು ಎಬ್ಬಿಸುವ ಪೂರ್ವದ ಉಬ್ಬಲೆಗೆ ರಿಲಿಬ್ ಎಂದು ಹೆಸರು. ಎಲ್ಲಕ್ಕಿಂತ ಬಲವಾದದ್ದು ಅದೇ. ಪಶ್ಚಿಮದಿಂದ, ಉತ್ತರದಿಂದ, ದಕ್ಷಿಣದಿಂದ ಬರುವ ಉಬ್ಬಲೆಗಳಿಗೂ ಬೇರೆ ಬೇರೆ ಹೆಸರುಗಳಿವೆ. ದ್ವೀಪಗಳ ಎರಡು ಸಾಲುಗಳೂ ರಿಲಿಬ್‌ಗೆ ಅಡ್ಡಲಾಗಿ, ಬೇಲಿಯ ಗೂಟಗಳಂತೆ ನಿಂತಿವೆ. ಅಲೆ ದ್ವೀಪಕ್ಕೆ ಬಡಿದಾಗ ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ. ಸ್ವಲ್ಪ ಎರಡೂ ಬದಿಯಿಂದ ಬಾಗಿ ಹಿಂದೆ ಹೋಗುತ್ತದೆ. ಬಾಗಿ ಬಂದ ಎರಡು ಅಲೆಗಳು ದ್ವೀಪದ ಹಿಂದೆ ಒಂದನ್ನೊಂದು ಕತ್ತರಿಸುತ್ತವೆ. ಹೀಗೆ ದ್ವೀಪ ಕಣ್ಣಿಗೆ ಕಾಣದಿದ್ದರೂ, ಅದು ನೀರಿನ ಮೇಲೆ ಬರೆದ ರುಜು ಬಹುದೂರದವರೆಗೆ ಹರಡಿರುತ್ತದೆ.

ಇದನ್ನು ನೀವೂ ನೋಡಬಹುದು. ನಾವು ಅಂಗಳದಲ್ಲಿ ಮಾಡಿ ನೋಡಿದೆವು. ಅಗಲವಾದ ಟಬ್ಬಿನಲ್ಲಿ ನಾಲ್ಕು ಬೆರಳಷ್ಟು ನೀರು ತುಂಬಿಸಿ. ನಡುವೆ ಒಂದು ಸ್ಟೀಲ್ ಲೋಟವನ್ನು ಕಲ್ಲು ಹಾಕಿ ನಿಲ್ಲಿಸಿ. ಅದು ನಿಮ್ಮ ದ್ವೀಪ. ಟಬ್ಬಿನ ಒಂದು ತುದಿಯಲ್ಲಿ ಅಡಿಪಟ್ಟಿಯನ್ನು ಒಂದೇ ತಾಳದಲ್ಲಿ ಮೆಲ್ಲಗೆ ಮುಂದೆ ಹಿಂದೆ ಆಡಿಸಿ. ಓರೆಯಾಗಿ ಬಿಸಿಲು ಬೀಳುತ್ತಿದ್ದರೆ ಚೆನ್ನ. ಅಲೆ ಲೋಟಕ್ಕೆ ತಾಗಿ ಹಿಂದಿರುಗುವುದೂ, ಬದಿಯಿಂದ ಬಾಗುವುದೂ, ಲೋಟದ ಹಿಂದೆ ಗೆರೆಗಳು ಒಂದರ ಮೇಲೊಂದು ಹಾಯುವುದೂ ಕಾಣುತ್ತದೆ. ನನ್ನ ಮೊಮ್ಮಗಳು ಒಂದು ಪ್ಲಾಸ್ಟಿಕ್ ಮುಚ್ಚಳ ತೇಲಿಬಿಟ್ಟು, ಅದು ಎಲ್ಲಿ ಹೇಗೆ ಕುಣಿಯುತ್ತದೆ ಎಂದು ಅರ್ಧ ಗಂಟೆ ನೋಡುತ್ತಾ ಕೂತಳು.

ಮಾರ್ಷಲ್ ನಾವಿಕ ಈ ಕುಣಿತವನ್ನು ಕಣ್ಣಿನಿಂದ ಮಾತ್ರವಲ್ಲ, ಮೈಯಿಂದ ಓದುತ್ತಾನೆ. ದೋಣಿಯಲ್ಲಿ ಕಣ್ಣು ಮುಚ್ಚಿ ಮಲಗಿ, ಬೆನ್ನಿಗೆ ತಾಗುವ ಏರಿಳಿತ, ವಾಲಾಟವನ್ನು ಗಮನಿಸುತ್ತಾನೆ. ಎರಡು ದ್ವೀಪಗಳ ನಡುವೆ ಅಲೆಗಳು ಕೂಡುವ ಒಂದು ದಾರಿ ಇರುತ್ತದಂತೆ. ಅದಕ್ಕೆ ದಿಲೆಪ್, ಎಂದರೆ ಬೆನ್ನುಮೂಳೆ, ಎಂದು ಹೆಸರು. ಅದು ಸಿಕ್ಕರೆ ಅದರ ಮೇಲೇ ಸಾಗಿ ಮುಂದಿನ ದ್ವೀಪ ಮುಟ್ಟಬಹುದು. ಜೊತೆಗೆ ಹಕ್ಕಿಗಳ ಸಹಾಯ. ಬೆಳಿಗ್ಗೆ ಮೀನಿಗೆ ಹೊರಟ ಕಡಲ ಹಕ್ಕಿಗಳು ಸಂಜೆ ಗೂಡಿಗೆ ಮರಳುವ ದಿಕ್ಕಿನಲ್ಲಿ ನೆಲವಿರುತ್ತದೆ. ಮೋಡದ ತಳದಲ್ಲಿ ತುಸು ಹಸಿರು ಛಾಯೆ ಕಂಡರೆ, ಕೆಳಗೆ ಹವಳದ ಕೊಳವಿದೆ ಎಂದರ್ಥ.

ಹಿಡಿಸೂಡಿ ಕಡ್ಡಿಯ ನಕ್ಷೆ

ಈ ವಿದ್ಯೆಯನ್ನು ಮಕ್ಕಳಿಗೆ ಕಲಿಸಲು ಅವರ ಬಳಿ ಕಾಗದ, ಕಪ್ಪುಹಲಗೆ ಇರಲಿಲ್ಲ. ಇದ್ದದ್ದು ತೆಂಗಿನ ಗರಿಯ ಕಡ್ಡಿ. ನಮ್ಮ ಹಿಡಿಸೂಡಿಯ ಕಡ್ಡಿಯೇ! ಆ ಕಡ್ಡಿಗಳನ್ನು ನಾರಿನಿಂದ ಕಟ್ಟಿ ಚೌಕಟ್ಟು ಮಾಡಿ, ಬಾಗಿಸಿ, ಅಲೆ ಎಲ್ಲಿ ಹೇಗೆ ಬಾಗುತ್ತದೆ ಎಂದು ತೋರಿಸುತ್ತಿದ್ದರು. ದ್ವೀಪ ಇರುವ ಕಡೆ ಒಂದು ಪುಟ್ಟ ಕವಡೆ. ಜಗತ್ತಿನ ಬೇರೆ ನಕ್ಷೆಗಳೆಲ್ಲ ನೆಲವನ್ನು, ದಡವನ್ನು ತೋರಿಸಿದರೆ, ಇದು ಅಲೆಯನ್ನು ತೋರಿಸುವ ನಕ್ಷೆ.

ಇವುಗಳಲ್ಲಿ ಮೂರು ಬಗೆ. ಮತ್ತಾಂಗ್ ಎಂಬುದು ನಮ್ಮ ಒಂದನೇ ತರಗತಿಯ ಪಾಠದ ಹಾಗೆ, ಅಲೆಯ ಸಾಮಾನ್ಯ ನಿಯಮ ಹೇಳುತ್ತದೆ. ಮೆದ್ದೋ ಕೆಲವೇ ದ್ವೀಪಗಳನ್ನು ತೋರಿಸುತ್ತದೆ. ರೆಬ್ಬೆಲಿಬ್ ಒಂದು ಇಡೀ ಸಾಲನ್ನು, ಕೆಲವೊಮ್ಮೆ ಎರಡನ್ನೂ ತೋರಿಸುತ್ತದೆ. ಆದರೆ ತಮಾಷೆ ಏನು ಗೊತ್ತೇ? ಇದನ್ನು ದೋಣಿಯಲ್ಲಿ ಒಯ್ಯುತ್ತಿರಲಿಲ್ಲ. ದಡದಲ್ಲೇ ಕಲಿತು, ಬಾಯಿಪಾಠ ಮಾಡಿ, ತಲೆಯಲ್ಲಿಟ್ಟುಕೊಂಡು ಹೊರಡಬೇಕು. ಪರೀಕ್ಷೆಗೆ ಪುಸ್ತಕ ಒಯ್ಯುವಂತಿಲ್ಲವಲ್ಲ, ಹಾಗೆ!

ಇನ್ನೊಂದು ಮಾತು. ಈ ವಿದ್ಯೆ ಗುಟ್ಟಿನದು. ಮುಖಂಡರ ಮನೆತನಗಳಲ್ಲಿ ಹಿರಿಯರಿಂದ ಕಿರಿಯರಿಗೆ ಮಾತ್ರ ಹೋಗುತ್ತಿತ್ತು. ಜರ್ಮನ್ ನೌಕಾಪಡೆಯ ವಿಂಕ್ಲರ್ ಎಂಬ ಕ್ಯಾಪ್ಟನ್ ಕಷ್ಟಪಟ್ಟು ವಿಚಾರಿಸಿ 1898ರಲ್ಲಿ ಈ ನಕ್ಷೆಗಳ ಬಗ್ಗೆ ಬರೆದ. ಹೊರಗಿನವರಿಗೆ ಇದರ ಅರ್ಥ ಸ್ವಲ್ಪವಾದರೂ ತಿಳಿದದ್ದು ಹಾಗೆ.

ಹಾಯಿ ತಂದ ತಾಯಿ

ದೋಣಿಯ ವಿಷಯ ಹೇಳದಿದ್ದರೆ ಹೇಗೆ? ದೀವಿಹಲಸಿನ ಮರದಿಂದ ಒಡಲು, ಕೇದಗೆ ಜಾತಿಯ ಗಿಡದ ಗರಿ ಹೆಣೆದು ಹಾಯಿ, ತೆಂಗಿನ ನಾರಿನ ಹಗ್ಗ. ಒಂದೇ ಒಂದು ಮೊಳೆ ಇಲ್ಲ. ದೋಣಿಯ ಒಂದು ಬದಿಗೆ ಮಾತ್ರ ಒಂದು ತೇಲುಮರ. ಅದು ಯಾವಾಗಲೂ ಗಾಳಿ ಬೀಸುವ ಕಡೆಗೇ ಇರಬೇಕು. ಹಾಗಾದರೆ ತಿರುಗುವುದು ಹೇಗೆ? ತಿರುಗುವುದೇ ಇಲ್ಲ! ದೋಣಿಯ ಎರಡೂ ತುದಿ ಒಂದೇ ರೀತಿ. ಹಾಯಿಯನ್ನು ಈ ತುದಿಯಿಂದ ಎತ್ತಿ ಆ ತುದಿಗೆ ಒಯ್ದು ನಿಲ್ಲಿಸಿದರೆ ಹಿಂದಿನದು ಮುಂದಾಯಿತು.

ಹಾಯಿ ಹೇಗೆ ಬಂತು ಎಂಬುದಕ್ಕೆ ಅಲ್ಲಿನ ಅಜ್ಜಿಯರು ಒಂದು ಕಥೆ ಹೇಳುತ್ತಾರೆ.

ಲೊಕ್ತನೂರ್ ಎಂಬ ತಾಯಿಗೆ ಹಲವು ಗಂಡುಮಕ್ಕಳು. ಹಿರಿಯ ತೂಮುರ್, ಎಲ್ಲರಿಗಿಂತ ಕಿರಿಯ ಜೆಬ್ರೋ. ಪೂರ್ವದ ದ್ವೀಪಕ್ಕೆ ಯಾರು ಮೊದಲು ದೋಣಿ ಮುಟ್ಟಿಸುತ್ತಾರೋ ಅವರೇ ರಾಜ ಎಂದು ಪಂದ್ಯ ಕಟ್ಟಿದರು. ಹೊರಡುವಾಗ ತಾಯಿ ದೊಡ್ಡ ಗಂಟೊಂದನ್ನು ಹೊತ್ತು ದಡಕ್ಕೆ ಬಂದಳು. "ಮಗನೇ, ನನ್ನನ್ನೂ ಕರೆದುಕೊಂಡು ಹೋಗು" ಎಂದಳು. ಗಂಟು ನೋಡಿ ತೂಮುರ್, "ತಮ್ಮನನ್ನು ಕೇಳಮ್ಮ" ಎಂದು ಹುಟ್ಟು ಹಾಕುತ್ತಾ ಹೊರಟೇಬಿಟ್ಟ. ಅವನ ತಮ್ಮನೂ ಹಾಗೇ ಹೇಳಿದ. ಅವನ ತಮ್ಮನೂ ಹಾಗೇ. ಕೊನೆಗೆ ಉಳಿದವನು ಜೆಬ್ರೋ. "ಹತ್ತಮ್ಮ" ಎಂದ. ಸೋಲು ಖಂಡಿತ ಎಂದು ಅವನಿಗೆ ಗೊತ್ತಿತ್ತು. ಆದರೂ ಅಮ್ಮನನ್ನು ಬಿಟ್ಟುಹೋಗಲು ಮನಸ್ಸಾಗಲಿಲ್ಲ. ದೋಣಿ ಏರಿದ ತಾಯಿ ಗಂಟು ಬಿಚ್ಚಿದಳು. ಒಳಗಿದ್ದದ್ದು ಹಾಯಿ! ಅದನ್ನು ಕಟ್ಟುವುದು, ಗಾಳಿಗೆ ಹಿಡಿಯುವುದು, ತುದಿಯಿಂದ ತುದಿಗೆ ಬದಲಿಸುವುದು ಎಲ್ಲ ಕಲಿಸಿದಳು. ಜೆಬ್ರೋನ ದೋಣಿ ಅಣ್ಣಂದಿರನ್ನೆಲ್ಲ ಹಿಂದೆ ಹಾಕಿತು. ಅವನೇ ರಾಜನಾದ. ಸಿಟ್ಟಿಗೆದ್ದ ತೂಮುರ್, ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದು ಹೊರಟುಹೋದ.

ಇಬ್ಬರೂ ಈಗ ಆಕಾಶದಲ್ಲಿದ್ದಾರೆ. ಜೆಬ್ರೋ ಎಂದರೆ ನಮ್ಮ ಕೃತ್ತಿಕಾ ನಕ್ಷತ್ರಪುಂಜ. ತೂಮುರ್ ಎಂದರೆ ವೃಶ್ಚಿಕದ ಕೆಂಪು ಚುಕ್ಕೆ. ಅದನ್ನು ನಾವು ಏನೆನ್ನುತ್ತೇವೆ ಗೊತ್ತೇ? ಜ್ಯೇಷ್ಠಾ! ಎಂದರೆ ಹಿರಿಯದು. ಅಲ್ಲಿಯೂ ಅದು ಹಿರಿಯಣ್ಣ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಈ ಎರಡು ನಕ್ಷತ್ರಗಳು ಆಕಾಶದಲ್ಲಿ ಹೆಚ್ಚುಕಡಿಮೆ ಎದುರುಬದುರು. ಒಂದು ಮೂಡುವ ಹೊತ್ತಿಗೆ ಇನ್ನೊಂದು ಮುಳುಗುವ ಸನ್ನಾಹದಲ್ಲಿರುತ್ತದೆ. ಎರಡೂ ಒಟ್ಟಿಗೆ ಎತ್ತರದಲ್ಲಿ ಕಾಣುವುದೇ ಇಲ್ಲ. ಅಣ್ಣ ತನ್ನ ಮಾತು ಉಳಿಸಿಕೊಂಡಿದ್ದಾನೆ!

ಬೂದಿ ಬಿದ್ದ ದಿನ

ಇನ್ನು ಮುಂದಿನ ಭಾಗ ಸ್ವಲ್ಪ ದುಃಖದ್ದು. ಆದರೂ ಹೇಳಬೇಕು.

ದೂರದಲ್ಲಿರುವುದೇ ಆ ದೇಶಕ್ಕೆ ಶಾಪವಾಯಿತು. ಮೊದಲು ಜರ್ಮನಿ, ಆಮೇಲೆ ಜಪಾನ್ ಅದನ್ನು ಆಳಿದವು. ದ್ವೀಪದಿಂದ ದ್ವೀಪಕ್ಕೆ ಹಾಯಿ ದೋಣಿಯಲ್ಲಿ ಓಡಾಡುವುದಕ್ಕೆ ನಿರ್ಬಂಧಗಳು ಬಂದವು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಕೈಗೆ ಹೋಯಿತು. ಜನ ಕಡಿಮೆ, ಊರು ದೂರ ಎಂದು ಅಮೆರಿಕ ಅಲ್ಲಿ ಅಣುಬಾಂಬುಗಳನ್ನು ಪರೀಕ್ಷಿಸತೊಡಗಿತು. 1946ರಿಂದ 1958ರವರೆಗೆ ಬಿಕಿನಿ ಮತ್ತು ಎನೆವೆಟಾಕ್‌ಗಳಲ್ಲಿ ಒಟ್ಟು 67 ಸ್ಫೋಟಗಳು.

1954ರ ಮಾರ್ಚ್ 1ರಂದು ಬಿಕಿನಿಯಲ್ಲಿ ಸಿಡಿಸಿದ ಬಾಂಬು ಎಲ್ಲಕ್ಕಿಂತ ದೊಡ್ಡದು. ಅಲ್ಲಿಂದ ಸುಮಾರು 150 ಕಿಲೋಮೀಟರ್ ಪೂರ್ವಕ್ಕೆ ರೊಂಗೆಲಾಪ್ ಎಂಬ ದ್ವೀಪ. ಕೆಲವು ಗಂಟೆಗಳಲ್ಲಿ ಅಲ್ಲಿ ಆಕಾಶದಿಂದ ಬಿಳಿಯ ಪುಡಿ ಉದುರತೊಡಗಿತು. ಹಿಮವನ್ನು ಎಂದೂ ನೋಡದ ಮಕ್ಕಳು ಅದರಲ್ಲಿ ಆಟವಾಡಿದರು. ಅದು ಸುಟ್ಟ ಹವಳದ ವಿಷದ ಬೂದಿ. ಜನ ಕಾಯಿಲೆ ಬಿದ್ದರು. ಎರಡು ದಿನಗಳ ಮೇಲೆ ಅವರನ್ನು ಅಲ್ಲಿಂದ ಸಾಗಿಸಲಾಯಿತು. 1957ರಲ್ಲಿ ಮರಳಿ ಕಳಿಸಿದರೂ ನೆಲ, ಮೀನು, ತೆಂಗು ಯಾವುದೂ ಶುದ್ಧವಾಗಿರಲಿಲ್ಲ. 1985ರಲ್ಲಿ ಅವರೇ ತಮ್ಮ ಊರು ಬಿಟ್ಟು ಹೊರಟರು.

ಈ ರೊಂಗೆಲಾಪ್ ಬರೀ ಊರಲ್ಲ, ಅಲೆ ಓದುವ ವಿದ್ಯೆಯ ಪಾಠಶಾಲೆ. ಅಲ್ಲಿನ ಹವಳದ ದಿಬ್ಬಗಳ ಸುತ್ತ ಅಲೆಗಳು ಬಾಗುವ ಪರಿ, ದೊಡ್ಡ ಕಡಲಿನದೇ ಚಿಕ್ಕ ಮಾದರಿಯಂತಿತ್ತು. ಮಕ್ಕಳು ಅಲ್ಲಿ ನೀರಲ್ಲಿ ತೇಲುತ್ತಾ ಕಲಿಯುತ್ತಿದ್ದರು. ಊರು ಖಾಲಿಯಾಯಿತು, ಪಾಠಶಾಲೆಯೂ ಮುಚ್ಚಿತು. ಕಲಿತ ಹಿರಿಯರು ಒಬ್ಬೊಬ್ಬರಾಗಿ ಕಣ್ಣುಮುಚ್ಚಿದರು. ಹಡಗು, ಮೋಟಾರು ದೋಣಿ ಬಂದವು. ಎರಡು ಸಾವಿರ ವರ್ಷದ ಆಸುಪಾಸಿನ ವಿದ್ಯೆಯೊಂದು ಎರಡೇ ತಲೆಮಾರಿನಲ್ಲಿ ಆರಿಹೋಗುವ ಹಂತಕ್ಕೆ ಬಂತು.

ಒಬ್ಬ ಮೊಮ್ಮಗನ ಪರೀಕ್ಷೆ

ಆರಲಿಲ್ಲ. ಏಕೆಂದರೆ ಒಬ್ಬ ಅಜ್ಜ ಒಬ್ಬ ಮೊಮ್ಮಗನಿಗೆ ಒಂದಿಷ್ಟು ಹೇಳಿಕೊಟ್ಟಿದ್ದ.

ಆ ಮೊಮ್ಮಗನ ಹೆಸರು ಕೋರೆಂಟ್ ಜೋಯೆಲ್. ದೊಡ್ಡವನಾಗಿ ಹಡಗಿನ ಕ್ಯಾಪ್ಟನ್ ಆದ. ಹಡಗಿನಲ್ಲಿ ದಿಕ್ಸೂಚಿ, ಯಂತ್ರ ಎಲ್ಲ ಇತ್ತು. ಆದರೂ ಅಜ್ಜ ಕಲಿಸಿದ್ದನ್ನು ಮನಸ್ಸಿನಲ್ಲೇ ತಾಳೆ ನೋಡುತ್ತಿದ್ದ. ಅವನ ಕಲಿಕೆ ಪೂರ್ತಿಯಾಗಿರಲಿಲ್ಲ. ಪೂರ್ತಿ ಕಲಿತು ಪರೀಕ್ಷೆ ಗೆದ್ದವರಿಗೆ ಮಾತ್ರ ರಿ-ಮೆತೋ, ಎಂದರೆ ಕಡಲ ಮನುಷ್ಯ, ಎಂಬ ಬಿರುದು. 2006ರಲ್ಲಿ, ಮುಖಂಡರ ಒಪ್ಪಿಗೆ ಪಡೆದು, ಅವನು ಕ್ವಾಜಲೀನ್‌ನಿಂದ ಉಜೇ ಎಂಬ ದೂರದ ದ್ವೀಪಕ್ಕೆ ಹೊರಟ. ಯಾವ ಯಂತ್ರವನ್ನೂ ನೋಡುವಂತಿಲ್ಲ. ಅಲೆಯನ್ನೇ ನಂಬಿ ಉಜೇ ಮುಟ್ಟಿದ. ರಿ-ಮೆತೋ ಆದ. ಆಗ ಅವನಿಗೆ ಐವತ್ತು ದಾಟಿತ್ತು.

ಅವನು ಮಾಡಿದ ಇನ್ನೊಂದು ದೊಡ್ಡ ಕೆಲಸ, ಗುಟ್ಟನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಹಂಚಿಕೊಂಡದ್ದು. ಹಂಚದಿದ್ದರೆ ತನ್ನೊಂದಿಗೇ ಮುಗಿಯುತ್ತದೆ ಎಂದು ಅವನಿಗೆ ತಿಳಿದಿತ್ತು. ಅವನ ಹತ್ತಿರ ಕಲಿತ ಬಂಧು ಆಲ್ಸನ್ ಕೆಲೆನ್, 2015ರಲ್ಲಿ ಮಜುರೋದಿಂದ ಔರ್ ಎಂಬ ದ್ವೀಪಕ್ಕೆ ಹಾಯಿ ದೋಣಿ ನಡೆಸಿದ. ಸುಮಾರು 120 ಕಿಲೋಮೀಟರ್ ದಾರಿ. ಜೊತೆಗೆ ಅಮೆರಿಕದ ಮತ್ತು ನೆದರ್ಲೆಂಡ್ಸಿನ ವಿಜ್ಞಾನಿಗಳು ಅಲೆಗಳನ್ನು ಅಳೆಯುತ್ತಾ ಹೊರಟರು. ಮಜುರೋದಲ್ಲಿ ಈಗ ಹುಡುಗ ಹುಡುಗಿಯರಿಗೆ ಹಳೆಯ ಪದ್ಧತಿಯಲ್ಲಿ ದೋಣಿ ಕಟ್ಟುವುದನ್ನು ಕಲಿಸುವ ಸಂಸ್ಥೆಯೂ ಇದೆ. ಅದು 1989ರಿಂದ ನಡೆಯುತ್ತಿದೆ.

ಇವತ್ತು ಆ ದೇಶಕ್ಕೆ ಇನ್ನೊಂದು ಚಿಂತೆ. ಭೂಮಿ ಬಿಸಿಯಾಗಿ ಕಡಲು ಏರುತ್ತಿದೆ. ಎರಡು ಮೀಟರ್ ಎತ್ತರದ ನೆಲಕ್ಕೆ ಒಂದೊಂದು ಗೇಣೂ ದೊಡ್ಡದು. ಸಾವಿರಾರು ಜನ ಈಗಾಗಲೇ ಅಮೆರಿಕಕ್ಕೆ ಹೋಗಿ ನೆಲೆಸಿದ್ದಾರೆ. ಊರು ಬಿಟ್ಟವರ ಮಕ್ಕಳಿಗೆ ಆ ಅಲೆಗಳ ಹೆಸರು ಹೇಳಿಕೊಡುವವರು ಯಾರು ಎಂಬುದು ಅಲ್ಲಿನ ಅಜ್ಜ ಅಜ್ಜಿಯರ ಪ್ರಶ್ನೆ.

ಗುಂಡಿನ ತಳದ ಗುಳಿ

ರಜೆಯ ಕೊನೆಯ ವಾರ. ಮೊಮ್ಮಗಳು ಹಿಡಿಸೂಡಿಯಿಂದ ಇಪ್ಪತ್ತು ಕಡ್ಡಿ ಕಿತ್ತು, ನೂಲಿನಿಂದ ಕಟ್ಟಿ, ಚೆನ್ನೆಮಣೆಯ ಪೆಟ್ಟಿಗೆಯಲ್ಲಿದ್ದ ಕವಡೆ ಅಂಟಿಸಿ ಒಂದು ಮತ್ತಾಂಗ್ ಮಾಡಿದಳು. ಒಂದು ಬದಿ ಸೊಟ್ಟ. ಆದರೂ ಗೋಡೆಗೆ ನೇತುಹಾಕಿದ್ದೇವೆ.

ಅದನ್ನು ಕಟ್ಟುತ್ತಾ ಕೇಳಿದಳು: "ಅಜ್ಜಿ, ನಿನ್ನ ಅಪ್ಪ ಗುಂಡಿಗೆ ಅಂಟಿದ ಮಣ್ಣು ನೋಡಿ ಊರು ಹೇಳುತ್ತಿದ್ದರಲ್ಲ. ಯಾವ ಊರಿಗೆ ಯಾವ ಮಣ್ಣು?"

ನನಗೆ ಉತ್ತರವಿರಲಿಲ್ಲ. ಅಪ್ಪ ಸಂಜೆ ಜಗಲಿಯಲ್ಲಿ ಕೂತು ಮಂಜಿಯ ಮಾತಾಡುವಾಗ ನಾನು ಪಾಠಪುಸ್ತಕ ಹಿಡಿದು ನದಿಗಳ ಹೆಸರು ಉರುಹೊಡೆಯುತ್ತಿದ್ದೆ. ಭೂಗೋಳ ಪುಸ್ತಕದಲ್ಲಿದೆ ಎಂದುಕೊಂಡಿದ್ದೆ. ಜಗಲಿಯ ಮೇಲೆ ಕೂತಿದೆ ಎಂದು ಹೊಳೆಯಲೇ ಇಲ್ಲ. ಕೇಳಿದ್ದರೆ ಅವರು ಹೇಳುತ್ತಿದ್ದರು. ನಾನು ಕೇಳಲಿಲ್ಲ.

ನಮ್ಮ ಓಣಿಯ ಕೊನೆಯ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬರಿದ್ದಾರೆ. ಚಿಕ್ಕಂದಿನಲ್ಲಿ ಮಂಜಿಯಲ್ಲಿ ಅಡುಗೆ ಹುಡುಗನಾಗಿದ್ದವರು. ಮಾರನೆಯ ದಿನ ಸೀಸದ ಗುಂಡನ್ನು ಚೀಲದಲ್ಲಿ ಹಾಕಿಕೊಂಡು, ಮೊಮ್ಮಗಳ ಕೈಗೆ ನೋಟುಬುಕ್ಕು ಕೊಟ್ಟು, ಇಬ್ಬರೂ ಅವರ ಮನೆಗೆ ಹೋದೆವು. ಗುಂಡನ್ನು ನೋಡಿದ್ದೇ ಅವರು ಕೈಗೆತ್ತಿಕೊಂಡು, ತಳದ ಗುಳಿಗೆ ಹೆಬ್ಬೆರಳು ಒತ್ತಿ, ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಮಾತು ಶುರುವಾಯಿತು. ಅಂದು ಬರೆದದ್ದು ಏಳು ಪುಟ.

ದಸರಾ ರಜೆಗೆ ಬಂದಾಗ ಉಳಿದದ್ದು ಬರೆಯುತ್ತೇನೆ ಎಂದು ಅವಳು ಹೇಳಿಹೋಗಿದ್ದಾಳೆ. ಹಿಂಬಾಗಿಲಿಗೆ ಈಗ ಒಂದು ಸಾದಾ ಕಲ್ಲು ಇಟ್ಟಿದ್ದೇನೆ.